ಸಾಬು ದಸ್ತಗೀರ್

ಸಾಬು ದಸ್ತಗೀರ್ (ಜನವರಿ 27, 1924 – ಡಿಸೆಂಬರ್ 2, 1963) ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಜನಿಸಿ, ಮೊದಲು ಬ್ರಿಟಿಷ್ ಚಿತ್ರರಂಗದಲ್ಲಿಯೂ ನಂತರ ಹಾಲಿವುಡ್‌ನಲ್ಲಿಯೂ ಹೆಸರು ಮಾಡಿದ ನಟ. ತೆರೆಯ ಮೇಲೆ ಅವರು ‘ಸಾಬು’ ಎಂಬ ಒಂದೇ ಹೆಸರಿನಿಂದ ಪರಿಚಿತರಾಗಿದ್ದರು. ಮೈಸೂರು ಅರಮನೆಯ ಆನೆಲಾಯದಲ್ಲಿ ಬೆಳೆದ ಮಾವುತನ ಮಗನಾದ ಅವರು 1937ರಲ್ಲಿ ಬಿಡುಗಡೆಯಾದ ‘ಎಲಿಫೆಂಟ್ ಬಾಯ್’ ಚಿತ್ರದ ಮೂಲಕ ಹದಿಮೂರನೆಯ ವಯಸ್ಸಿನಲ್ಲಿ ತಾರೆಯಾದರು. ಪಾಶ್ಚಾತ್ಯ ಚಿತ್ರಗಳಲ್ಲಿ ತಮ್ಮ ಹೆಸರಿನ ಬಲದಿಂದಲೇ ಪ್ರೇಕ್ಷಕರನ್ನು ಸೆಳೆದ ಮೊದಲ ಭಾರತೀಯ ನಟರಲ್ಲಿ ಅವರು ಒಬ್ಬರು.

‘ದಿ ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಮತ್ತು ‘ಬ್ಲ್ಯಾಕ್ ನಾರ್ಸಿಸಸ್’ (1947) ಅವರ ಪ್ರಮುಖ ಚಿತ್ರಗಳು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಶೌರ್ಯಪದಕ ಪಡೆದರು. ಯುದ್ಧದ ನಂತರ ಅವರಿಗೆ ದೊರೆತ ಪಾತ್ರಗಳು ಕ್ರಮೇಣ ಸಣ್ಣವಾದವು. ವಯಸ್ಸು ಬೆಳೆದರೂ ಅವರು ‘ಆನೆಯ ಹುಡುಗ’ನಾಗಿಯೇ ಉಳಿಯಬೇಕೆಂದು ಚಿತ್ರೋದ್ಯಮವು ನಿರೀಕ್ಷಿಸಿದುದು ಅವರ ವೃತ್ತಿಜೀವನದ ದಿಕ್ಕನ್ನು ನಿರ್ಧರಿಸಿತು.

ಹೆಸರು

ಬಹುತೇಕ ಆಕರಗ್ರಂಥಗಳು ಇವರ ಪೂರ್ಣ ಹೆಸರನ್ನು ಸಾಬು ದಸ್ತಗೀರ್ ಎಂದು ಕೊಡುತ್ತವೆ. ಕಾನೂನಿನ ವ್ಯವಹಾರಗಳಲ್ಲಿ ಅವರು ಬಳಸಿದ ಹೆಸರೂ ಇದೇ. ಆದರೆ ಶೇಖ್ ದಸ್ತಗೀರ್ ಎಂಬುದು ಅವರ ಅಣ್ಣನ ಹೆಸರು. ಅಣ್ಣನು ಸಾಬು ಅವರ ಜೊತೆಗೆ ಇಂಗ್ಲೆಂಡಿಗೆ ಹೋಗಿ ಅವರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಕಾರಣ ಆ ಹೆಸರು ಇವರಿಗೂ ಅಂಟಿಕೊಂಡಿತೆಂದು ಕೆಲವು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಅವರ ಜನ್ಮನಾಮ ಸೆಲಾರ್ ಶೇಖ್ ಎಂದಿತ್ತೆಂಬ ಉಲ್ಲೇಖಗಳೂ ಇವೆ. ಚಿತ್ರಗಳ ಹೆಸರುಪಟ್ಟಿ, ಭಿತ್ತಿಪತ್ರಗಳು ಮತ್ತು ಜಾಹೀರಾತುಗಳಲ್ಲಿ ಮಾತ್ರ ಆರಂಭದಿಂದ ಕೊನೆಯವರೆಗೆ ‘ಸಾಬು’ ಎಂದಷ್ಟೇ ಮುದ್ರಿತವಾಗಿದೆ.

ಜನನ ಮತ್ತು ಬಾಲ್ಯ

ಸಾಬು ಅವರ ಜನ್ಮಸ್ಥಳವಾದ ಕಾರಾಪುರವು ಇಂದಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಪ್ರದೇಶದಲ್ಲಿ, ಕಬಿನಿ ನದಿಯ ಬಳಿ ಇದೆ. ಇದಕ್ಕೆ ಹೊಂದಿಕೊಂಡಿರುವ ಕಾಕನಕೋಟೆಯ ಕಾಡು ಮೈಸೂರು ಅರಸರ ಕಾಲದಲ್ಲಿ ಖೆಡ್ಡಾಗಳಿಗೆ ಹೆಸರಾಗಿತ್ತು. ಕಾಡಾನೆಗಳ ಹಿಂಡನ್ನು ನೂರಾರು ಜನರು ಸುತ್ತುವರಿದು, ತಮಟೆ ಮತ್ತು ಬೆಂಕಿಯ ನೆರವಿನಿಂದ ನದಿಯತ್ತ ಅಟ್ಟಿ, ಮರದ ದಿಮ್ಮಿಗಳಿಂದ ಕಟ್ಟಿದ ಆವರಣದೊಳಗೆ ಸೇರಿಸುವ ಈ ಪದ್ಧತಿಯನ್ನು ಮೈಸೂರಿನಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಜಿ. ಪಿ. ಸ್ಯಾಂಡರ್ಸನ್ ನೆಲೆಗೊಳಿಸಿದರು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಹೀಗೆ ಹಿಡಿದ ಆನೆಗಳನ್ನು ಪಳಗಿಸಿ ನಾಟಾ ಎಳೆಯುವ ಕೆಲಸಕ್ಕೂ ಅರಮನೆಯ ಸೇವೆಗೂ ಬಳಸಲಾಗುತ್ತಿತ್ತು. ಆದ್ದರಿಂದ ಈ ಸೀಮೆಯಲ್ಲಿ ಮಾವುತರ ಕುಟುಂಬಗಳು ತಲೆತಲಾಂತರದಿಂದ ಆನೆಗಳೊಡನೆ ಬಾಳಿಕೊಂಡು ಬಂದಿದ್ದವು.

ಸಾಬು ಅವರ ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತರು. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಬಾಲಕನು ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆದನು. ಆಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಸರಾ ಮೆರವಣಿಗೆ, ರಾಜ ಅತಿಥಿಗಳ ಬೇಟೆ ಮತ್ತು ಖೆಡ್ಡಾಗಳ ಕಾರಣದಿಂದ ಅರಮನೆಯ ಗಜಶಾಲೆ ದೊಡ್ಡದಾಗಿತ್ತು. ಆನೆಯನ್ನು ನದಿಯಲ್ಲಿ ಮೀಯಿಸುವುದು, ಸೊಂಡಿಲನ್ನು ಮೆಟ್ಟಿ ಕತ್ತಿಗೇರುವುದು, ಕಿವಿಯ ಹಿಂದೆ ಕಾಲಿಟ್ಟು ಆನೆಯನ್ನು ನಡೆಸುವುದು ಮುಂತಾದವು ಅವರಿಗೆ ಬಾಲ್ಯದ ದಿನಚರಿಯೇ ಆಗಿದ್ದವು. ಮುಂದೆ ತೆರೆಯ ಮೇಲೆ ಜಗತ್ತು ಮೆಚ್ಚಿದುದೂ ಇದನ್ನೇ.

ಚಿತ್ರರಂಗ ಪ್ರವೇಶ

1935ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ‘ನಾನೂಕ್ ಆಫ್ ದ ನಾರ್ತ್’ (1922) ಮತ್ತು ‘ಮ್ಯಾನ್ ಆಫ್ ಅರಾನ್’ (1934) ಚಿತ್ರಗಳಿಂದ ಅವರು ಆ ಹೊತ್ತಿಗೆ ಪ್ರಸಿದ್ಧರಾಗಿದ್ದರು. ಲಂಡನ್ ಫಿಲ್ಮ್ಸ್ ಸಂಸ್ಥೆಯ ಒಡೆಯ, ಹಂಗೇರಿ ಮೂಲದ ಅಲೆಗ್ಸಾಂಡರ್ ಕೊರ್ಡಾ ಅವರಿಗಾಗಿ ರಡ್‌ಯಾರ್ಡ್ ಕಿಪ್ಲಿಂಗನ ‘ಟೂಮಾಯ್ ಆಫ್ ದಿ ಎಲಿಫೆಂಟ್ಸ್’ ಕಥೆಯನ್ನು ಚಿತ್ರವಾಗಿಸುವುದು ಅವರ ಉದ್ದೇಶವಾಗಿತ್ತು. ಮೂಲ ಕಥೆಯ ಸನ್ನಿವೇಶ ಈಶಾನ್ಯ ಭಾರತದ ಗಾರೋ ಬೆಟ್ಟಗಳದು. ಚಿತ್ರೀಕರಣಕ್ಕೆ ಮಾತ್ರ ಆನೆಗಳೂ ಕಾಡೂ ಅರಸರ ಸಹಕಾರವೂ ಒಟ್ಟಿಗೆ ದೊರೆಯುವ ಮೈಸೂರನ್ನು ಆರಿಸಿಕೊಳ್ಳಲಾಯಿತು.

ವೃತ್ತಿಪರ ನಟರ ಬದಲು ಆಯಾ ನೆಲದ ಜನರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸುವುದು ಫ್ಲಾಹರ್ಟಿ ಅವರ ಪದ್ಧತಿ. ಟೂಮಾಯ್ ಪಾತ್ರಕ್ಕೆ ತಕ್ಕ ಬಾಲಕನನ್ನು ಹುಡುಕುತ್ತಿದ್ದಾಗ ತಂಡದ ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್ ಅವರ ಕಣ್ಣಿಗೆ ಅರಮನೆಯ ಆನೆಲಾಯದಲ್ಲಿ ಸಾಬು ಬಿದ್ದರು. ಚಿತ್ರದಲ್ಲಿನ ‘ಕಾಲಾ ನಾಗ್’ ಎಂಬ ಆನೆಯ ಪಾತ್ರವನ್ನು ಅರಮನೆಯ ‘ಐರಾವತ’ ನಿರ್ವಹಿಸಿತು. ಆ ಆನೆಯ ಹೆಸರೂ ಚಿತ್ರದ ಪಾತ್ರವರ್ಗದಲ್ಲಿ ದಾಖಲಾಗಿದೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅಂದರೆ ಕನ್ನಡ ಚಿತ್ರರಂಗ ಮಾತು ಕಲಿತ ಮರುವರ್ಷವೇ ಮೈಸೂರಿನ ಬಾಲಕನೊಬ್ಬ ಇಂಗ್ಲಿಷ್ ಚಿತ್ರದ ಮುಖ್ಯಪಾತ್ರಕ್ಕೆ ಆಯ್ಕೆಯಾದಂತಾಯಿತು. ಆಗ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಂಭಾಷಣೆಯನ್ನು ಹೇಳಿಸಿಕೊಂಡು ಕಲಿಯಬೇಕಾಯಿತು.

ಮೈಸೂರಿನ ಚಿತ್ರೀಕರಣ ಮಳೆಗಾಲವನ್ನು ದಾಟಿ 1936ರವರೆಗೂ ನಡೆಯಿತು. ಫ್ಲಾಹರ್ಟಿ ಸಂಗ್ರಹಿಸಿದ ದೃಶ್ಯಗಳು ಹೇರಳವಾಗಿದ್ದರೂ ಅವುಗಳಲ್ಲಿ ಕಥೆಯ ಎಳೆ ಸಾಲದೆಂದು ನಿರ್ಮಾಪಕರಿಗೆ ತೋರಿತು. ಆದ್ದರಿಂದ ಸಾಬು ಮತ್ತು ಅವರ ಅಣ್ಣನನ್ನು ಇಂಗ್ಲೆಂಡಿಗೆ ಕರೆಸಿಕೊಂಡು, ಲಂಡನ್ನಿನ ಸಮೀಪದ ಡೆನಮ್ ಸ್ಟುಡಿಯೊದಲ್ಲಿ ಅಲೆಗ್ಸಾಂಡರ್ ಅವರ ಸಹೋದರ ಜೋಲ್ಟಾನ್ ಕೊರ್ಡಾ ಅವರ ನಿರ್ದೇಶನದಲ್ಲಿ ಸಂಭಾಷಣೆಯ ದೃಶ್ಯಗಳನ್ನು ಚಿತ್ರೀಕರಿಸಲಾಯಿತು. ಹೀಗಾಗಿ ‘ಎಲಿಫೆಂಟ್ ಬಾಯ್’ ಎರಡು ಬಗೆಯ ಚಿತ್ರಗಳ ಜೋಡಣೆಯಾಗಿದೆ: ಮೈಸೂರಿನ ನದಿ, ಕಾಡು ಮತ್ತು ಆನೆಗಳ ಸಾಕ್ಷ್ಯಚಿತ್ರ ಒಂದು ಕಡೆ, ಬ್ರಿಟಿಷ್ ನಟರು ಬಣ್ಣ ಹಚ್ಚಿಕೊಂಡು ಭಾರತೀಯರಾಗಿ ಅಭಿನಯಿಸಿದ ಸ್ಟುಡಿಯೊ ನಾಟಕ ಇನ್ನೊಂದು ಕಡೆ. ಇವೆರಡನ್ನೂ ಬೆಸೆದದ್ದು ಸಾಬು ಅವರ ಸಹಜ ಅಭಿನಯವೇ ಎಂದು ವಿಮರ್ಶಕರು ಗುರುತಿಸಿದರು. 1937ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೊರ್ಡಾ ಅವರಿಗೆ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ದೊರೆಯಿತು. ಚಿತ್ರೀಕರಣದ ದಿನಗಳ ಬಗ್ಗೆ ನಿರ್ದೇಶಕರ ಪತ್ನಿ ಫ್ರಾನ್ಸಿಸ್ ಫ್ಲಾಹರ್ಟಿ ‘ಎಲಿಫೆಂಟ್ ಡಾನ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು.

ಬ್ರಿಟಿಷ್ ಚಿತ್ರಗಳು

‘ಎಲಿಫೆಂಟ್ ಬಾಯ್’ ಯಶಸ್ವಿಯಾದ ಮೇಲೆ ಕೊರ್ಡಾ ಅವರು ಸಾಬು ಅವರಿಗಾಗಿಯೇ ಚಿತ್ರಗಳನ್ನು ಯೋಜಿಸತೊಡಗಿದರು. ಮೊದಲನೆಯದು ಎ. ಇ. ಡಬ್ಲ್ಯೂ. ಮೇಸನ್ ಅವರ ಕಥೆಯನ್ನು ಆಧರಿಸಿದ ವರ್ಣಚಿತ್ರ ‘ದಿ ಡ್ರಮ್’ (1938). ವಾಯವ್ಯ ಗಡಿಯ ಕಾಲ್ಪನಿಕ ಸಂಸ್ಥಾನವೊಂದರ ರಾಜಕುಮಾರ ಅಜೀಮ್ ಆಗಿ ಸಾಬು ಅಭಿನಯಿಸಿದರು. ತಂದೆಯನ್ನು ಕೊಂದು ಅಧಿಕಾರ ಹಿಡಿದ ಚಿಕ್ಕಪ್ಪನ ಸಂಚನ್ನು, ನಗಾರಿಯ ಸಂಕೇತದ ಮೂಲಕ ಬ್ರಿಟಿಷ್ ಅಧಿಕಾರಿಗಳಿಗೆ ತಿಳಿಸಿ ಅವರನ್ನು ಉಳಿಸುವ ಬಾಲಕನ ಪಾತ್ರವದು. ಸಾಮ್ರಾಜ್ಯಶಾಹಿಯನ್ನು ವೈಭವೀಕರಿಸುವ ಈ ಕಥೆಗೆ ಭಾರತದಲ್ಲಿ ತೀವ್ರ ವಿರೋಧ ಎದುರಾಯಿತು. 1938ರಲ್ಲಿ ಬೊಂಬಾಯಿ ಮತ್ತು ಮದರಾಸುಗಳಲ್ಲಿ ಪ್ರತಿಭಟನೆಗಳು ನಡೆದು ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ಲಂಡನ್ನಿನಲ್ಲಿ ಮೆಚ್ಚುಗೆ ಗಳಿಸಿದ ಚಿತ್ರವೇ ನಟನ ತಾಯ್ನಾಡಿನಲ್ಲಿ ಬಹಿಷ್ಕಾರಕ್ಕೆ ಗುರಿಯಾಯಿತು. ಆಗ ಸಾಬು ಅವರಿಗೆ ಹದಿನಾಲ್ಕು ವರ್ಷ.

ಮುಂದಿನ ಚಿತ್ರ ‘ದಿ ಥೀಫ್ ಆಫ್ ಬಾಗ್ದಾದ್’ ಅವರ ಅತ್ಯಂತ ಪ್ರಸಿದ್ಧ ಕೃತಿ. 1939ರಲ್ಲಿ ಡೆನಮ್‌ನಲ್ಲಿ ಆರಂಭವಾದ ಚಿತ್ರೀಕರಣಕ್ಕೆ ಮಹಾಯುದ್ಧದಿಂದ ತಡೆಯುಂಟಾಯಿತು. ಕೊರ್ಡಾ ಅವರು ಇಡೀ ಕೆಲಸವನ್ನು ಅಮೆರಿಕಕ್ಕೆ ವರ್ಗಾಯಿಸಿ ಹಾಲಿವುಡ್‌ನಲ್ಲಿ ಚಿತ್ರವನ್ನು ಪೂರ್ಣಗೊಳಿಸಿದರು. ಸಾಬು ಅಮೆರಿಕದಲ್ಲಿ ನೆಲೆಸಲು ಇದೇ ಕಾರಣವಾಯಿತು.

ಈ ಚಿತ್ರವನ್ನು ಇದೇ ಹೆಸರಿನ 1924ರ ಮೂಕಿಚಿತ್ರದೊಡನೆ ಹೋಲಿಸುವುದು ವಾಡಿಕೆ. ಅದರಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಅಭಿನಯಿಸಿದ ಕಳ್ಳನೇ ನಾಯಕ. ರಾಜಕುಮಾರಿಯನ್ನು ವರಿಸುವವನೂ ಅವನೇ. 1940ರ ಚಿತ್ರದಲ್ಲಿ ಆ ಒಂದು ಪಾತ್ರವನ್ನು ಎರಡಾಗಿ ಒಡೆಯಲಾಗಿದೆ. ಪ್ರೇಮಕಥೆ ಅರಸ ಅಹಮದನಿಗೆ (ಬ್ರಿಟಿಷ್ ನಟ ಜಾನ್ ಜಸ್ಟಿನ್) ಸೇರಿದರೆ, ಸಾಹಸಗಳೆಲ್ಲವೂ ಪುಟ್ಟ ಕಳ್ಳ ಅಬುವಿಗೆ (ಸಾಬು) ಸೇರಿವೆ. ಸೀಸೆಯಿಂದ ಹೊರಬಂದ ದೈತ್ಯ ಜಿನ್ನನ್ನು ಮಾತಿನಲ್ಲಿ ಮರುಳುಗೊಳಿಸಿ ಮತ್ತೆ ಸೀಸೆಗೆ ಸೇರಿಸುವವನೂ ಕೊನೆಗೆ ಹಾರುವ ಕಂಬಳಿಯ ಮೇಲೆ ಬಂದು ಗೆಳೆಯನನ್ನು ಉಳಿಸುವವನೂ ಅಬುವೇ. ತನ್ನನ್ನು ಶಾಲೆಗೆ ಕಳುಹಿಸಿ ಮಂತ್ರಿಯನ್ನಾಗಿ ಮಾಡುವ ಯೋಜನೆಯನ್ನು ಕೇಳಿದೊಡನೆ ಅವನು ಕಂಬಳಿಯನ್ನೇರಿ ಹಾರಿಹೋಗುತ್ತಾನೆ. ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಈ ಚಿತ್ರಕ್ಕೆ ಮೂರು ಆಸ್ಕರ್ ಪ್ರಶಸ್ತಿಗಳು ಸಂದವು.

ಹಾಲಿವುಡ್

1942ರಲ್ಲಿ ಜೋಲ್ಟಾನ್ ಕೊರ್ಡಾ ಅವರ ನಿರ್ದೇಶನದಲ್ಲಿ ಬಂದ ‘ಜಂಗಲ್ ಬುಕ್’ ಸಾಬು ಅವರ ವೃತ್ತಿಜೀವನದ ಶಿಖರಗಳಲ್ಲೊಂದು. ಕಿಪ್ಲಿಂಗನ ಮೌಗ್ಲಿಯಾಗಿ ಅವರು ಕಾಣಿಸಿಕೊಂಡ ಈ ಚಿತ್ರದ ಕಾಡನ್ನು ಕ್ಯಾಲಿಫೋರ್ನಿಯಾದಲ್ಲಿ ನಿರ್ಮಿಸಲಾಗಿತ್ತು. ಚಿತ್ರವು ನಾಲ್ಕು ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು. ಮಿಕ್ಲೋಸ್ ರೋಜಾ ಸಂಯೋಜಿಸಿದ ಇದರ ಹಿನ್ನೆಲೆ ಸಂಗೀತವು ಸಾಬು ಅವರ ನಿರೂಪಣೆಯೊಂದಿಗೆ ಗ್ರಾಮಫೋನ್ ಮುದ್ರಿಕೆಯಾಗಿ ಹೊರಬಂದಿತು. ಅಮೆರಿಕದ ಚಲನಚಿತ್ರವೊಂದರ ವಾದ್ಯಸಂಗೀತವನ್ನು ಮಾರಾಟಕ್ಕಾಗಿ ಧ್ವನಿಮುದ್ರಿಸಿದ ಆರಂಭದ ನಿದರ್ಶನಗಳಲ್ಲಿ ಇದೂ ಒಂದು.

ಅದೇ ವರ್ಷ ಅವರು ಯೂನಿವರ್ಸಲ್ ಸ್ಟುಡಿಯೊದ ಚಿತ್ರಗಳಲ್ಲಿ ಅಭಿನಯಿಸತೊಡಗಿದರು. ಯುದ್ಧಕಾಲದ ಪ್ರೇಕ್ಷಕರಿಗೆ ಅಗ್ಗದಲ್ಲಿ ಕನಸಿನ ಲೋಕವನ್ನು ತೋರಿಸುವ ವರ್ಣಚಿತ್ರಗಳ ಸರಣಿಯೊಂದನ್ನು ಆ ಸಂಸ್ಥೆ ಕೈಗೆತ್ತಿಕೊಂಡಿತ್ತು. ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943) ಮತ್ತು ‘ಕೋಬ್ರಾ ವುಮನ್’ (1944) ಇವುಗಳಲ್ಲಿ ಮುಖ್ಯವಾದವು. ಮೂರರಲ್ಲಿಯೂ ಜಾನ್ ಹಾಲ್ ನಾಯಕ, ಮಾರಿಯಾ ಮಾಂಟೆಜ್ ನಾಯಕಿ, ಸಾಬು ನಾಯಕನ ನಂಬಿಕೆಯ ಒಡನಾಡಿ. ಕೊರ್ಡಾ ಚಿತ್ರಗಳಲ್ಲಿ ಕಥೆಯ ಕೇಂದ್ರದಲ್ಲಿದ್ದ ಅವರು ಇಲ್ಲಿ ಪಕ್ಕದ ಸ್ಥಾನಕ್ಕೆ ಸರಿದರು. ‘ಅರೇಬಿಯನ್ ನೈಟ್ಸ್’ನಲ್ಲಿ ಅರಬ್ ದೊಂಬರ ಹುಡುಗನಾದರೆ, ಉಳಿದೆರಡರಲ್ಲಿ ದಕ್ಷಿಣ ಸಮುದ್ರದ ದ್ವೀಪವಾಸಿ.

ಪೌರತ್ವ ಮತ್ತು ಯುದ್ಧಸೇವೆ

1944ರಲ್ಲಿ ಸಾಬು ಅಮೆರಿಕದ ಪೌರತ್ವ ಪಡೆದರು. ಆ ಕಾಲದಲ್ಲಿ ಭಾರತೀಯರಿಗೆ ಇದು ಅಪರೂಪದ ಸಂಗತಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯ ಸೈನಿಕನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಕಾನೂನಿನ ಅರ್ಥದಲ್ಲಿ ‘ಬಿಳಿಯರು’ ಅಲ್ಲವೆಂದೂ ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದೂ ತೀರ್ಪು ನೀಡಿತ್ತು. ಭಾರತೀಯರಿಗೆ ಸಾಮಾನ್ಯವಾಗಿ ಪೌರತ್ವದ ಬಾಗಿಲು ತೆರೆದದ್ದು 1946ರ ಲೂಸ್–ಸೆಲ್ಲರ್ ಕಾಯಿದೆಯಿಂದ.

ಸಾಬು ಅಮೆರಿಕದ ಸೇನಾ ವಾಯುಪಡೆಯನ್ನು ಸೇರಿ, ಬಿ-24 ಲಿಬರೇಟರ್ ಬಾಂಬರ್ ವಿಮಾನಗಳಲ್ಲಿ ಗೋಪುರದ ಬಂದೂಕುಗಾರರಾಗಿ ಪೆಸಿಫಿಕ್ ರಣರಂಗದಲ್ಲಿ ಹಲವಾರು ಕಾರ್ಯಾಚರಣೆಗಳಲ್ಲಿ ಭಾಗವಹಿಸಿದರು. ವಿಮಾನದ ಬಾಲದ ತುದಿಯಲ್ಲಿ ಇಕ್ಕಟ್ಟಾದ ಗಾಜಿನ ಗೂಡಿನೊಳಗೆ ಕುಳಿತು, ಬೆನ್ನಟ್ಟಿ ಬರುವ ಶತ್ರುವಿಮಾನಗಳನ್ನು ಎದುರಿಸುವ ಅಪಾಯಕಾರಿ ಕೆಲಸವದು. ಅವರ ಶೌರ್ಯಕ್ಕೆ ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ದೊರೆಯಿತು.

ಯುದ್ಧಾನಂತರದ ಚಿತ್ರಗಳು

ಸೇನೆಯಿಂದ ಮರಳಿದ ಸಾಬು ಇಪ್ಪತ್ತೆರಡರ ಯುವಕ. ‘ಟ್ಯಾಂಜಿಯರ್’ (1946) ಚಿತ್ರದ ನಂತರ ಅವರು ಇಂಗ್ಲೆಂಡಿಗೆ ಹೋಗಿ ಮೈಕೆಲ್ ಪವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಅಭಿನಯಿಸಿದರು. ಹಿಮಾಲಯದ ಅರಮನೆಯೊಂದರಲ್ಲಿ ಆಶ್ರಮ ಸ್ಥಾಪಿಸಲು ಬಂದ ಕ್ರೈಸ್ತ ಸನ್ಯಾಸಿನಿಯರ ಮನಸ್ಸಿನ ತೊಳಲಾಟ ಇದರ ವಸ್ತು. ಸನ್ಯಾಸಿನಿಯರ ಬಳಿ ವಿದ್ಯೆ ಕಲಿಯಲು ಬರುವ, ರೇಷ್ಮೆ ಮತ್ತು ರತ್ನಗಳಿಂದ ಅಲಂಕೃತನಾದ ಯುವ ಜನರಲ್ ದಿಲೀಪ್ ರಾಯ್ ಪಾತ್ರ ಸಾಬು ಅವರದು. ಚಿತ್ರದ ಶೀರ್ಷಿಕೆ ಅವನು ಪೂಸಿಕೊಳ್ಳುವ ಸುಗಂಧದ್ರವ್ಯದ ಹೆಸರು. ಆ ಸುಗಂಧವು ಹಿಮಾಲಯದ ಹೂವಿನದಲ್ಲ, ಲಂಡನ್ನಿನ ಅಂಗಡಿಯಿಂದ ತರಿಸಿದ್ದು ಎಂಬುದು ಕಥೆಯೊಳಗಿನ ವ್ಯಂಗ್ಯ. ಅವರು ವಯಸ್ಕನಾಗಿ, ಆಸೆ, ಅಹಂಕಾರ ಮತ್ತು ಪಶ್ಚಾತ್ತಾಪಗಳುಳ್ಳ ಮನುಷ್ಯನಾಗಿ ಅಭಿನಯಿಸಲು ಅವಕಾಶ ದೊರೆತ ಕೆಲವೇ ಪಾತ್ರಗಳಲ್ಲಿ ಇದು ಒಂದು. ಅವನು ಪ್ರೀತಿಸುವ ಕಾಂಚಿ ಎಂಬ ಸ್ಥಳೀಯ ಹುಡುಗಿಯಾಗಿ ಬ್ರಿಟಿಷ್ ನಟಿ ಜೀನ್ ಸಿಮನ್ಸ್ ಮೈಗೆ ಕಂದು ಬಣ್ಣ ಹಚ್ಚಿಕೊಂಡು ಅಭಿನಯಿಸಿದರು. ಹಿಮಾಲಯದ ದೃಶ್ಯಗಳನ್ನೆಲ್ಲ ಇಂಗ್ಲೆಂಡಿನಲ್ಲಿಯೇ, ಬಹುಪಾಲು ಪೈನ್‌ವುಡ್ ಸ್ಟುಡಿಯೊದಲ್ಲಿ ಚಿತ್ರೀಕರಿಸಲಾಯಿತು.

ಅದೇ ವರ್ಷ ಪವೆಲ್ ಮತ್ತು ಪ್ರೆಸ್‌ಬರ್ಗರ್ ನಿರ್ಮಿಸಿದ, ಡೆರೆಕ್ ಟ್ವಿಸ್ಟ್ ನಿರ್ದೇಶನದ ‘ದಿ ಎಂಡ್ ಆಫ್ ದ ರಿವರ್’ನಲ್ಲಿ ಸಾಬು ಬ್ರೆಜಿಲಿನ ಕಾಡಿನ ಮೂಲನಿವಾಸಿ ಯುವಕನಾಗಿ ಕಾಣಿಸಿಕೊಂಡರು. ಕೊಲೆಯ ಆರೋಪದ ಮೇಲೆ ನ್ಯಾಯಾಲಯದಲ್ಲಿ ನಿಂತವನ ಕಥೆಯಿದು. ಅಮೆರಿಕಕ್ಕೆ ಮರಳಿದ ಮೇಲೆ ಜಿಮ್ ಕಾರ್ಬೆಟ್ ಅವರ ಪುಸ್ತಕದ ಹೆಸರನ್ನು ಹೊತ್ತ ‘ಮ್ಯಾನ್-ಈಟರ್ ಆಫ್ ಕುಮಾಂವ್’ (1948) ಮತ್ತು ‘ಸಾಂಗ್ ಆಫ್ ಇಂಡಿಯಾ’ (1949) ಚಿತ್ರಗಳು ಬಂದವು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಬಣ್ಣದ ಅದ್ಭುತಕಥೆಗಳ ಬೇಡಿಕೆ ಇಳಿದಿತ್ತು; ಭಾರತ ಸ್ವತಂತ್ರವಾಗಿ ಸಾಮ್ರಾಜ್ಯದ ಕಥೆಗಳೂ ಹಳತಾಗಿದ್ದವು.

1950ರ ದಶಕದಲ್ಲಿ ಅವರಿಗೆ ಹೆಚ್ಚಾಗಿ ದೊರೆತವು ಕಡಿಮೆ ವೆಚ್ಚದ ಚಿತ್ರಗಳು. ಇಟಲಿಯಲ್ಲಿ ವಿತ್ತೋರಿಯೊ ದೆ ಸಿಕಾ ಮುಖ್ಯಪಾತ್ರದಲ್ಲಿದ್ದ ‘ಹಲೋ ಎಲಿಫೆಂಟ್’ (1952) ಚಿತ್ರದಲ್ಲಿ, ಬಡ ಶಾಲಾಮಾಸ್ತರನೊಬ್ಬನಿಗೆ ಆನೆಯನ್ನು ಉಡುಗೊರೆ ಕೊಡುವ ಪೌರಾತ್ಯ ಸುಲ್ತಾನನಾದರು. ಇದೇ ಅವಧಿಯಲ್ಲಿ ಲಂಡನ್ನಿನ ಹ್ಯಾರಿಂಗೆ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ನೀಡಿದರು. ‘ಜಂಗಲ್ ಹೆಲ್’ (1956) ಮತ್ತು ‘ಸಾಬು ಅಂಡ್ ದ ಮ್ಯಾಜಿಕ್ ರಿಂಗ್’ (1957) ಚಿತ್ರಗಳಲ್ಲಿ ಪಾತ್ರಕ್ಕೂ ‘ಸಾಬು’ ಎಂದೇ ಹೆಸರು. ಮೂವತ್ತು ದಾಟಿದ, ಯುದ್ಧ ಕಂಡ, ಸಂಸಾರವಂದಿಗನಾದ ನಟನು ಮೊದಲನೆಯದರಲ್ಲಿ ಕಾಡಿನ ಹುಡುಗನಾಗಿ, ಎರಡನೆಯದರಲ್ಲಿ ಲಾಯದ ಹುಡುಗನಾಗಿ ಕಾಣಿಸಿಕೊಳ್ಳಬೇಕಾಯಿತು.

ಭಾರತೀಯ ಚಿತ್ರರಂಗ ಮತ್ತು ‘ಮದರ್ ಇಂಡಿಯಾ’

ಸಾಬು ಅವರು ಯಾವುದೇ ಭಾರತೀಯ ಚಿತ್ರದಲ್ಲಿ ಅಭಿನಯಿಸಲಿಲ್ಲ. ಅಂಥ ಅವಕಾಶವೊಂದು ಅವರ ಸಮೀಪಕ್ಕೆ ಬಂದದ್ದು 1950ರ ದಶಕದ ಮಧ್ಯದಲ್ಲಿ. ನಿರ್ದೇಶಕ ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ (1957) ಚಿತ್ರದ ಬಿರ್ಜು ಪಾತ್ರಕ್ಕೆ ಸಾಬು ಅವರನ್ನು ಆಯ್ಕೆ ಮಾಡಿದ್ದರು. ಸಾಬು ಭಾರತಕ್ಕೆ ಬಂದರೂ, ಅಮೆರಿಕದ ಪ್ರಜೆಯಾಗಿದ್ದ ಅವರಿಗೆ ಇಲ್ಲಿ ದುಡಿಯಲು ಬೇಕಾದ ಪರವಾನಗಿ ಸಿಗದೆ ಹಿಂದಿರುಗಬೇಕಾಯಿತೆಂದು ಆ ಚಿತ್ರದ ಕುರಿತು ಬರೆದ ಅಧ್ಯಯನಕಾರರು ದಾಖಲಿಸಿದ್ದಾರೆ. ಪಾತ್ರವು ಸುನಿಲ್ ದತ್ ಅವರಿಗೆ ದೊರೆತು ಅವರನ್ನು ಪ್ರಸಿದ್ಧಿಗೆ ತಂದಿತು. ಚಿತ್ರವು ಅತ್ಯುತ್ತಮ ವಿದೇಶಿ ಭಾಷಾಚಿತ್ರದ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಪಡೆಯಿತು. ಬಿರ್ಜು ಬಾಲಕನಲ್ಲ, ಯಾರ ಒಡನಾಡಿಯೂ ಅಲ್ಲ. ತನ್ನದೇ ಸಿಟ್ಟು ಮತ್ತು ದುರಂತವುಳ್ಳ ಪ್ರಧಾನ ಪಾತ್ರ. ಹಾಲಿವುಡ್ ಅವರಿಗೆ ಕೊಡದಿದ್ದಂಥ ಪಾತ್ರ ತಾಯ್ನಾಡಿನಲ್ಲಿ ಸಿಗುವ ಹೊತ್ತಿಗೆ ಅವರು ಕಾನೂನಿನ ದೃಷ್ಟಿಯಲ್ಲಿ ಪರದೇಶಿಯಾಗಿದ್ದರು.

ಪಾತ್ರಗಳ ಸ್ವರೂಪ

ಸಾಬು ಅವರ ವೃತ್ತಿಜೀವನವನ್ನು ಅಂದಿನ ಹಾಲಿವುಡ್‌ನಲ್ಲಿ ಏಷ್ಯಾ ಮೂಲದ ನಟರ ಒಟ್ಟು ಸ್ಥಿತಿಯ ಹಿನ್ನೆಲೆಯಲ್ಲಿ ನೋಡಲಾಗುತ್ತದೆ. 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಚಲನಚಿತ್ರ ನಿರ್ಮಾಣ ಸಂಹಿತೆಯು ಬಿಳಿಯರು ಮತ್ತು ಕಪ್ಪು ಜನರ ನಡುವಣ ಪ್ರಣಯವನ್ನು ತೆರೆಯ ಮೇಲೆ ನಿಷೇಧಿಸಿತ್ತು. ಸ್ಟುಡಿಯೊಗಳು ಆಚರಣೆಯಲ್ಲಿ ಇದನ್ನು ಏಷ್ಯಾದವರಿಗೂ ಅನ್ವಯಿಸಿದವು. ನಾಯಕಿ ಬಿಳಿಯಳಾಗಿರುವ ಚಿತ್ರದಲ್ಲಿ ಏಷ್ಯಾದ ನಟ ನಾಯಕನಾಗುವಂತಿರಲಿಲ್ಲ. ಪೌರಾತ್ಯ ನಾಯಕನ ಪಾತ್ರವಿದ್ದರೆ ಅದಕ್ಕೆ ಬಿಳಿಯ ನಟನಿಗೇ ಬಣ್ಣ ಹಚ್ಚಲಾಗುತ್ತಿತ್ತು.

ಚೀನಾದ ಗ್ವಾಂಗ್‌ಜೌನಲ್ಲಿ 1904ರಲ್ಲಿ ಜನಿಸಿದ ಕೀ ಲ್ಯೂಕ್ ಇದಕ್ಕೆ ಇನ್ನೊಂದು ನಿದರ್ಶನ. ‘ಚಾರ್ಲಿ ಚಾನ್’ ಪತ್ತೇದಾರಿ ಸರಣಿಯಲ್ಲಿ ಅವರು ಹಿರಿಯ ಮಗನ ಪಾತ್ರ ವಹಿಸಿದರೆ, ಚೀನೀ ಪತ್ತೇದಾರನಾದ ತಂದೆಯ ಪಾತ್ರವನ್ನು ಸ್ವೀಡನ್ ಮೂಲದ ವಾರ್ನರ್ ಓಲಂಡ್ ವಹಿಸಿದರು. ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಚೀನೀ ಮೂಲದ ನಟಿ ಅನ್ನಾ ಮೇ ವಾಂಗ್ ಅವರಿಗೆ, ಚೀನಾದ ರೈತರ ಕಥೆಯಾದ ‘ದಿ ಗುಡ್ ಅರ್ತ್’ (1937) ಚಿತ್ರದ ನಾಯಕಿಯ ಪಾತ್ರ ದೊರೆಯಲಿಲ್ಲ. ಅದು ಜರ್ಮನಿಯಲ್ಲಿ ಜನಿಸಿದ ಲೂಯಿಸ್ ರೈನರ್ ಅವರ ಪಾಲಾಯಿತು.

ಕೊರ್ಡಾ ಅವರ ಬಳಗದೊಳಗೇ ಇದಕ್ಕೆ ಪ್ರತಿಬಿಂಬದಂತಹ ಇನ್ನೊಂದು ಜೀವನವಿತ್ತು. 1939ರಲ್ಲಿ ಅಲೆಗ್ಸಾಂಡರ್ ಕೊರ್ಡಾ ಅವರನ್ನು ಮದುವೆಯಾದ ನಟಿ ಮರ್ಲ್ ಓಬೆರಾನ್ ಬೊಂಬಾಯಿಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದವರು. ತಮ್ಮ ಭಾರತೀಯ ಮೂಲವನ್ನು ಮರೆಮಾಡಿ, ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದವರೆಂದು ಹೇಳಿಕೊಂಡ ಅವರು ಪ್ರಣಯಚಿತ್ರಗಳ ನಾಯಕಿಯಾದರು. ಸಾಬು ಅವರ ಖ್ಯಾತಿಯಾದರೋ ಅವರ ಭಾರತೀಯತೆಯನ್ನು ಪ್ರದರ್ಶಿಸುವುದರ ಮೇಲೆಯೇ ನಿಂತಿತ್ತು. ಮೂಲವನ್ನು ಬಚ್ಚಿಟ್ಟವರಿಗೆ ನಾಯಕಿಯ ಸ್ಥಾನ ದೊರೆತರೆ, ಮೂಲವೇ ಆಕರ್ಷಣೆಯಾದವರಿಗೆ ಬಾಲಕನ ಸ್ಥಾನವೇ ಕಾಯಮ್ಮಾಯಿತು.

ಸಾಬು ಅಭಿನಯಿಸಿದ ಪಾತ್ರಗಳ ಪಟ್ಟಿಯೂ ಇದನ್ನೇ ಸೂಚಿಸುತ್ತದೆ. ಭಾರತೀಯ, ಪಠಾಣ, ಅರಬ್, ಪೆಸಿಫಿಕ್ ದ್ವೀಪವಾಸಿ, ಬ್ರೆಜಿಲಿನ ಆದಿವಾಸಿ ಹೀಗೆ ಹಲವು ನಾಡುಗಳ ಜನರಾಗಿ ಅವರು ತೆರೆಗೆ ಬಂದರು. ಜರ್ಮನಿಯಲ್ಲಿ ತಯಾರಾದ ‘ಮಿಸ್ಟ್ರೆಸ್ ಆಫ್ ದ ವರ್ಲ್ಡ್’ (1960) ಚಿತ್ರದಲ್ಲಿ ಅವರ ಪಾತ್ರದ ಹೆಸರು ಡಾಕ್ಟರ್ ಲಿನ್-ಚೋರ್. ಯಾವ ದೇಶದವನಾದರೂ ಸರಿ, ಬಿಳಿಯನಲ್ಲದ ಪಾತ್ರ ಎಂಬುದಷ್ಟೇ ಆಯ್ಕೆಗೆ ಆಧಾರವಾಗಿತ್ತು.

ಹಾಗಿದ್ದರೂ ಅವರ ಅಭಿನಯದ ವಿಶಿಷ್ಟತೆಯನ್ನು ವಿಮರ್ಶಕರು ಒಪ್ಪಿದ್ದಾರೆ. ತೆರೆದ ನಗು, ಚುರುಕು ಮೈಕಟ್ಟು, ಪ್ರಾಣಿಗಳೊಡನೆ ನಿರ್ಭಯ ಸಲಿಗೆ ಮತ್ತು ಸ್ಪಷ್ಟವಾದ ಉಚ್ಚಾರಣೆ ಅವರ ಗುಣಗಳು. ಅವರ ಆರಂಭದ ಪಾತ್ರಗಳು ಸೇವಕರದಾದರೂ ದೈನ್ಯದವಲ್ಲ. ಅಬು ಮತ್ತು ಮೌಗ್ಲಿ ಇಬ್ಬರೂ ತಮ್ಮ ಸುತ್ತಣ ದೊಡ್ಡವರಿಗಿಂತ ಜಾಣರು, ಸ್ವತಂತ್ರರು.

ಕೊನೆಯ ವರ್ಷಗಳು ಮತ್ತು ನಿಧನ

ಚಿತ್ರಗಳು ಕಡಿಮೆಯಾದ ಮೇಲೆ ಸಾಬು ಕ್ಯಾಲಿಫೋರ್ನಿಯಾದಲ್ಲಿ ಅಣ್ಣನೊಡನೆ ಪೀಠೋಪಕರಣಗಳ ವ್ಯಾಪಾರದಲ್ಲಿಯೂ ಸ್ಥಿರಾಸ್ತಿ ವ್ಯವಹಾರದಲ್ಲಿಯೂ ತೊಡಗಿದರು. 1960ರಲ್ಲಿ ಅವರ ಅಣ್ಣ ಶೇಖ್ ದಸ್ತಗೀರ್ ಅಂಗಡಿಯಲ್ಲಿ ನಡೆದ ದರೋಡೆಯ ಯತ್ನದಲ್ಲಿ ಕೊಲೆಯಾದರು. ಅದೇ ವರ್ಷ ಹಾಲಿವುಡ್‌ನ ‘ವಾಕ್ ಆಫ್ ಫೇಮ್’ನಲ್ಲಿ ಸಾಬು ಅವರ ಹೆಸರಿನ ನಕ್ಷತ್ರವನ್ನು ಸ್ಥಾಪಿಸಲಾಯಿತು.

1963ರಲ್ಲಿ ರಾಬರ್ಟ್ ಮಿಚಮ್ ನಾಯಕರಾಗಿದ್ದ ‘ರ‍್ಯಾಂಪೇಜ್’ ಚಿತ್ರದಲ್ಲಿ ಬೇಟೆಗಾರರ ಮಾರ್ಗದರ್ಶಿ ತಾಲಿಬ್ ಆಗಿ ಅವರು ಮತ್ತೆ ದೊಡ್ಡ ಚಿತ್ರವೊಂದಕ್ಕೆ ಮರಳಿದರು. ನಂತರ ವಾಲ್ಟ್ ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ನಲ್ಲಿ ಹುಲಿ ಪಳಗಿಸುವ ರಾಮ್ ಸಿಂಗ್ ಪಾತ್ರ ವಹಿಸಿದರು. 1964ರಲ್ಲಿ ಆ ಚಿತ್ರ ಬಿಡುಗಡೆಯಾದಾಗ ಅವರು ಬದುಕಿರಲಿಲ್ಲ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 39 ವರ್ಷ. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ವೈಯಕ್ತಿಕ ಜೀವನ

ಸಾಬು 1948ರಲ್ಲಿ ನಟಿ ಮರ್ಲಿನ್ ಕೂಪರ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಪಾಲ್ ಮತ್ತು ಜಾಸ್ಮಿನ್ ಎಂಬ ಇಬ್ಬರು ಮಕ್ಕಳು. ಪಾಲ್ ಸಾಬು ರಾಕ್ ಸಂಗೀತಗಾರರಾಗಿ, ಗೀತರಚನೆಕಾರರಾಗಿ ಹೆಸರು ಪಡೆದರು. ಜಾಸ್ಮಿನ್ ಸಾಬು ಚಲನಚಿತ್ರಗಳಿಗೆ ಪ್ರಾಣಿಗಳನ್ನು ಪಳಗಿಸುವ ವೃತ್ತಿಯಲ್ಲಿದ್ದು 2001ರಲ್ಲಿ ನಿಧನರಾದರು. ಕಾರಾಪುರದ ಮಾವುತನ ಕುಲವೃತ್ತಿ ಮೂರನೆಯ ತಲೆಮಾರಿನಲ್ಲಿ ಹೀಗೆ ಬೇರೊಂದು ನೆಲದಲ್ಲಿ ಮುಂದುವರಿದಂತಾಯಿತು.

ಪ್ರಭಾವ ಮತ್ತು ನೆನಪು

ಡಿಸ್ನಿ ಸಂಸ್ಥೆಯ ‘ಅಲ್ಲಾದೀನ್’ (1992) ಅನಿಮೇಷನ್ ಚಿತ್ರವು 1940ರ ‘ದಿ ಥೀಫ್ ಆಫ್ ಬಾಗ್ದಾದ್’ನಿಂದ ಅನೇಕ ಅಂಶಗಳನ್ನು ಪಡೆದಿದೆ. ಅದರ ಖಳನಾಯಕ ಜಾಫರ್ ಹಳೆಯ ಚಿತ್ರದಿಂದ ಬಂದವನು. ಸಾಬು ಅಭಿನಯಿಸಿದ ‘ಅಬು’ವಿನ ಹೆಸರು ಹೊಸ ಚಿತ್ರದಲ್ಲಿ ಕಳ್ಳಕೋತಿಗೆ ದೊರೆತಿದೆ. ಅಮೆರಿಕದ ಗಾಯಕ ಜಾನ್ ಪ್ರೈನ್ 1978ರಲ್ಲಿ ಸಾಬು ಅವರ ಒಂಟಿತನವನ್ನು ಕುರಿತು ಹಾಡೊಂದನ್ನು ರಚಿಸಿದರು. ಇಯಾನ್ ಇಕ್ಬಾಲ್ ರಶೀದ್ ನಿರ್ದೇಶನದ ‘ಸರ್ವೈವಿಂಗ್ ಸಾಬು’ (1998) ಎಂಬ ಕಿರುಚಿತ್ರವು, ವಲಸಿಗ ಕುಟುಂಬದ ತಂದೆಮಗನ ಮೂಲಕ ಅವರ ಪಾತ್ರಗಳನ್ನು ಮರುಚಿಂತನೆಗೆ ಒಳಪಡಿಸುತ್ತದೆ. ತಂದೆಯ ತಲೆಮಾರಿಗೆ ಸಾಬು ಹೆಮ್ಮೆಯ ತಾರೆ. ಮಗನ ತಲೆಮಾರಿಗೆ ಅವರ ಪಾತ್ರಗಳು ಮುಜುಗರದ ಸಂಗತಿ.

ಕರ್ನಾಟಕದ ಮಟ್ಟಿಗೆ ‘ಎಲಿಫೆಂಟ್ ಬಾಯ್’ ಇನ್ನೊಂದು ಕಾರಣದಿಂದಲೂ ಬೆಲೆಯುಳ್ಳದ್ದು. 1930ರ ದಶಕದ ಮೈಸೂರು ಸೀಮೆಯ ಕಾಡು, ಆನೆಗಳ ಹಿಂಡು ಮತ್ತು ಮಾವುತರ ಕೆಲಸವನ್ನು ದಾಖಲಿಸಿರುವ ಅಪರೂಪದ ಚಿತ್ರಗಳಲ್ಲಿ ಅದು ಒಂದು. ಖೆಡ್ಡಾಗಳು ನಿಂತುಹೋಗಿವೆ, 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಕಾಕನಕೋಟೆಯ ಹಳೆಯ ಕಾಡಿನ ಭಾಗಗಳು ಮುಳುಗಿವೆ. ಕಾರಾಪುರದ ಬಾಲಕನು ಆನೆಯ ಕತ್ತಿನ ಮೇಲೆ ಕುಳಿತು ಹೊರಟ ಆ ನೆಲದ ರೂಪ ಈ ಚಿತ್ರದಲ್ಲಿ ಉಳಿದಿದೆ.

ಆಯ್ದ ಚಿತ್ರಗಳು

1937 – ಎಲಿಫೆಂಟ್ ಬಾಯ್ (ಪಾತ್ರ: ಟೂಮಾಯ್)
1938 – ದಿ ಡ್ರಮ್ (ರಾಜಕುಮಾರ ಅಜೀಮ್)
1940 – ದಿ ಥೀಫ್ ಆಫ್ ಬಾಗ್ದಾದ್ (ಅಬು)
1942 – ಜಂಗಲ್ ಬುಕ್ (ಮೌಗ್ಲಿ)
1942 – ಅರೇಬಿಯನ್ ನೈಟ್ಸ್ (ಅಲಿ ಬೆನ್ ಅಲಿ)
1943 – ವೈಟ್ ಸ್ಯಾವೇಜ್ (ಒರಾನೊ)
1944 – ಕೋಬ್ರಾ ವುಮನ್ (ಕಾಡೊ)
1946 – ಟ್ಯಾಂಜಿಯರ್ (ಪೆಪೆ)
1947 – ಬ್ಲ್ಯಾಕ್ ನಾರ್ಸಿಸಸ್ (ದಿಲೀಪ್ ರಾಯ್)
1947 – ದಿ ಎಂಡ್ ಆಫ್ ದ ರಿವರ್ (ಮನೊಯೆಲ್)
1948 – ಮ್ಯಾನ್-ಈಟರ್ ಆಫ್ ಕುಮಾಂವ್ (ನಾರಾಯಣ್)
1949 – ಸಾಂಗ್ ಆಫ್ ಇಂಡಿಯಾ (ರಾಮ್‌ದಾರ್)
1951 – ಸ್ಯಾವೇಜ್ ಡ್ರಮ್ಸ್ (ಟಿಪೊ)
1952 – ಹಲೋ ಎಲಿಫೆಂಟ್ (ಸುಲ್ತಾನ)
1956 – ಜಂಗಲ್ ಹೆಲ್ (ಸಾಬು)
1957 – ಸಾಬು ಅಂಡ್ ದ ಮ್ಯಾಜಿಕ್ ರಿಂಗ್ (ಸಾಬು)
1960 – ಮಿಸ್ಟ್ರೆಸ್ ಆಫ್ ದ ವರ್ಲ್ಡ್ (ಡಾಕ್ಟರ್ ಲಿನ್-ಚೋರ್)
1963 – ರ‍್ಯಾಂಪೇಜ್ (ತಾಲಿಬ್)
1964 – ಎ ಟೈಗರ್ ವಾಕ್ಸ್ (ರಾಮ್ ಸಿಂಗ್, ಮರಣಾನಂತರ ಬಿಡುಗಡೆ)